ಕೈಗೆಟುಕಿದರೆ ‘ದಿಸ್’, ಎಟುಕದಿದ್ದರೆ ‘ದಟ್’

ಕನ್ನಡ ಮಾಧ್ಯಮದ ಪುಟ್ಟ ಮಕ್ಕಳಿಗೆ ಇಂಗ್ಲಿಷಿನ ‘ದಿಸ್’, ‘ದಟ್’, ‘ದೀಸ್’, ‘ದೋಸ್’ ಎಂಬ ನಿರ್ದೇಶಕ ಸರ್ವನಾಮಗಳ ಅರ್ಥ ತಿಳಿಸುವುದು ಕಷ್ಟವಲ್ಲ. ಇದು, ಅದು, ಇವು, ಅವು ಅವರಿಗೆ ಗೊತ್ತೇ ಇವೆ. ತೊಡಕಿರುವುದು ಕಲಿಸುವ ಕ್ರಮದಲ್ಲಿ. ಶಿಕ್ಷಕಿ ತಮ್ಮ ಮೇಜನ್ನು ಮುಟ್ಟಿ ‘ದಿಸ್ ಈಸ್ ಎ ಟೇಬಲ್’ ಎಂದಾಗ ಹಿಂದಿನ ಸಾಲಿನ ಮಗುವೂ ಅದನ್ನೇ ರಾಗವಾಗಿ ಒಪ್ಪಿಸುತ್ತದೆ. ಆದರೆ ಅಲ್ಲಿಂದ ಮೇಜು ದೂರವಿರುವುದರಿಂದ ಆ ಮಗು ಹೇಳಬೇಕಾದದ್ದು ‘ದಟ್’. ಪುಸ್ತಕದ ಚಿತ್ರವೂ ಹೆಚ್ಚು ನೆರವಾಗದು, ಏಕೆಂದರೆ ಹಾಳೆಯ ಮೇಲಿನ ಹತ್ತಿರದ ಮರ, ದೂರದ ಮರ ಎರಡೂ ಬೆರಳಿಗೆ ಒಂದೇ ಅಂತರದಲ್ಲಿರುತ್ತವೆ. ಆದ್ದರಿಂದ ಈ ಪಾಠದ ಮಟ್ಟಿಗೆ ಒಟ್ಟಾಗಿ ಹೇಳಿಸುವುದನ್ನು ಬಿಟ್ಟು, ಮಕ್ಕಳನ್ನು ಎಬ್ಬಿಸಿ ಓಡಾಡಿಸಬೇಕು.

ಮೊದಲು ಏಕವಚನ ಮಾತ್ರ ಸಾಕು. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ನಡುವೆ ಒಂದು ಸ್ಟೂಲು ಇಟ್ಟು, ಕೆರೆ–ದಡ ಆಟದಂತೆ ಎಂಟು ಹತ್ತು ಮಕ್ಕಳನ್ನು ಸುತ್ತ ನಿಲ್ಲಿಸಿ. ‘ದಿಸ್’ ಎಂದ ಕೂಡಲೇ ಒಳಗೆ ಹಾರಿ ಸ್ಟೂಲನ್ನು ಮುಟ್ಟಬೇಕು. ‘ದಟ್’ ಎಂದರೆ ಹೊರಗೆ ಹಾರಿ ಬೆರಳು ತೋರಿಸಬೇಕು. ನಂತರ ಪೂರ್ತಿ ವಾಕ್ಯ ಹೇಳಿಸಿ. ‘ಇದು ಸ್ಟೂಲು’ ಎನ್ನುವಲ್ಲಿ ನಮಗೆ ಕ್ರಿಯಾಪದ ಬೇಕಿಲ್ಲದ ಕಾರಣ ಮಕ್ಕಳು ‘ಈಸ್’ ನುಂಗುವುದು ಸಹಜ.

ಎರಡನೆಯ ಆಟಕ್ಕೆ ಹೆಚ್ಚು ಸಮಯ ಕೊಡಬೇಕು, ಪಾಠದ ತಿರುಳು ಇರುವುದೇ ಅದರಲ್ಲಿ. ಇಬ್ಬರು ಮಕ್ಕಳು ಕೋಣೆಯ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಲ್ಲಲಿ. ಒಬ್ಬಳ ಕೈಯಲ್ಲಿ ಸ್ಲೇಟಿದೆ. ಎದುರಿನವನು ‘ವಾಟ್ ಈಸ್ ದಟ್?’ ಎಂದು ಕೇಳಿದರೆ ಅವಳು ‘ದಿಸ್ ಈಸ್ ಎ ಸ್ಲೇಟ್’ ಎನ್ನಬೇಕು. ರೂಢಿಯ ಇಂಗ್ಲಿಷಿನಲ್ಲಿ ಇದಕ್ಕೆ ‘ಇಟ್ ಈಸ್’ ಎಂದೇ ಉತ್ತರಿಸುತ್ತಾರೆ, ನಿಜ. ವ್ಯತ್ಯಾಸ ಮನಸ್ಸಿಗೆ ಇಳಿಯುವವರೆಗೆ ಆಟದ ನಿಯಮವೆಂದು ‘ದಿಸ್’ ಇರಲಿ. ಸ್ಲೇಟು ಕೈ ಬದಲಾದಾಗ ಪ್ರಶ್ನೆ ಕೇಳುವ ಸರದಿಯೂ ಬದಲಾಗಲಿ.

ಬಹುವಚನಕ್ಕೆ ಹುಣಸೆ ಬೀಜ ಸಾಕು. ಸರಿ–ಬೆಸ ಆಡುವಂತೆ ಮುಷ್ಟಿಯಲ್ಲಿ ಬೀಜ ಹಿಡಿದ ಮಗು ಕೈ ಬಿಚ್ಚಿದಾಗ ಒಂದೇ ಇದ್ದರೆ ‘ದಿಸ್ ಈಸ್ ಎ ಸೀಡ್’, ಹೆಚ್ಚಿದ್ದರೆ ‘ದೀಸ್ ಆರ್ ಸೀಡ್ಸ್’ ಎನ್ನಬೇಕು. ದೂರ ನಿಂತವರು ‘ದಟ್’ ಅಥವಾ ‘ದೋಸ್’ ಬಳಸಿ ಹೇಳಬೇಕು. ಈ ಪುಸ್ತಕ, ಈ ಪುಸ್ತಕಗಳು ಎನ್ನುವಾಗ ನಮ್ಮ ‘ಈ’ ಬದಲಾಗದು. ‘ದಿಸ್ ಬುಕ್ಸ್’ ಎಂಬ ತಪ್ಪಿಗೆ ಅದೇ ಮೂಲ. ಹ್ರಸ್ವ–ದೀರ್ಘ ಬಲ್ಲ ಮಕ್ಕಳಿಗೆ ‘ದಿ’, ‘ದೀ’ ಸುಲಭ. ಆದರೆ ‘ದೀಸ್’, ‘ದೋಸ್’ ಪದಗಳ ಕೊನೆಯ ಧ್ವನಿ ದುಂಬಿಯ ಗುಂಯ್‌ಗುಡುವಿಕೆಯಂತೆ ಗಂಟಲನ್ನು ಕಂಪಿಸಬೇಕು. ಕತ್ತಿನ ಮೇಲೆ ಬೆರಳಿಟ್ಟು ನೋಡಿಕೊಳ್ಳಲು ಹೇಳಿ.

ಗೆಳತಿಯ ಹೆಗಲ ಮೇಲೆ ಕೈಯಿಟ್ಟು ‘ದಿಸ್ ಈಸ್ ಮೈ ಫ್ರೆಂಡ್’ ಎನ್ನಿಸುವಾಗ ಕೆಲವರು ತಡವರಿಸುತ್ತಾರೆ. ಮನುಷ್ಯರನ್ನು ‘ಇದು’ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲವಷ್ಟೆ. ಇಂಗ್ಲಿಷಿನಲ್ಲಿ ಪರಿಚಯಿಸುವ ಕ್ರಮವೇ ಹೀಗೆಂದು ಒಂದು ಮಾತು ಹೇಳಿದರೆ ಸಾಕು.

ಕಲಿತದ್ದನ್ನು ಪರೀಕ್ಷಿಸಲು ಬರಹ ಬೇಡ. ಶಾಲೆಯ ಬಾಗಿಲಿನಿಂದ ಅಂಗಳದ ಬೇವಿನ ಮರದವರೆಗೆ ಒಬ್ಬೊಬ್ಬರನ್ನೇ ನಡೆಸಿ, ಹೆಜ್ಜೆಹೆಜ್ಜೆಗೂ ಮರದ ಬಗ್ಗೆ ಹೇಳುತ್ತಾ ಹೋಗಲು ತಿಳಿಸಿ. ‘ದಟ್’ ಹೋಗಿ ‘ದಿಸ್’ ಬರುವ ಜಾಗ ಒಂದೊಂದು ಮಗುವಿಗೆ ಒಂದೊಂದಾಗಿರುತ್ತದೆ; ಅದಕ್ಕೆ ನಿಗದಿತ ಅಳತೆ ಇಲ್ಲದ್ದರಿಂದ ಯಾರನ್ನೂ ತಿದ್ದಬೇಡಿ.