ಬೆಳ್ಳಿ ರೂಪಾಯಿಗೆ ಬಿಡ್ ಹಾಕುವ ಮೊದಲು ಆನೆಯ ಸೊಂಡಿಲು ನೋಡಿ

ಆನ್‌ಲೈನ್ ಹರಾಜಿನಲ್ಲಿ ಸುಲಭವಾಗಿ ಕೈ ಸುಟ್ಟುಕೊಳ್ಳುವ ಸರಕೆಂದರೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. ಅದರಲ್ಲೂ 1911ರ ಐದನೇ ಜಾರ್ಜ್ ನಾಣ್ಯ. ರಾಜನ ಎದೆಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡದ್ದರಿಂದ ಇದಕ್ಕೆ ‘ಹಂದಿ ರೂಪಾಯಿ’ ಎಂದೇ ಹೆಸರು. ಆಕ್ಷೇಪ ಬಂದು ಬಹುಪಾಲು ನಾಣ್ಯ ಹೊರಬರಲೇ ಇಲ್ಲ. 1912ರಿಂದ ಸೊಂಡಿಲನ್ನು ಉದ್ದಮಾಡಿದರು.

ಮೋಸ ಇಲ್ಲೇ ಇದೆ. 1917ರ ಸಾಧಾರಣ ನಾಣ್ಯ ಹಿಡಿದು 7ರ ತಲೆ ಕೆರೆದರೆ 1 ಆಗುತ್ತದೆ. ಆನೆಯನ್ನು ಮಾತ್ರ ಕೆರೆದು ಬದಲಿಸಲಾಗದು. ಇಸವಿ 1911 ಇದ್ದು ಸೊಂಡಿಲು ಉದ್ದಕ್ಕೆ ಇಳಿಬಿದ್ದಿದ್ದರೆ ಮುಂದೆ ಹೋಗಬೇಡಿ.

ಮೊದಲು ಮಾರುವವರಿಂದ ನಾಲ್ಕು ಫೋಟೊ ಕೇಳಿ: ಎರಡೂ ಮುಖ, ಅಂಚು, ತೂಕದ ಯಂತ್ರದ ಮೇಲೆ ನಾಣ್ಯ. ಪಕ್ಕದಲ್ಲಿ ಅವತ್ತಿನ ತಾರೀಕು ಬರೆದ ಚೀಟಿ ಇರಲಿ, ಇಲ್ಲದಿದ್ದರೆ ಬೇರೆಯವರ ಫೋಟೊ ಎತ್ತಿ ಹಾಕಿರುತ್ತಾರೆ. ತೂಕ 11.66 ಗ್ರಾಂ ಇರಬೇಕು. ಸವೆದಿದ್ದರೆ ತುಸು ಕಡಿಮೆ. 10 ಗ್ರಾಂ ಎಂದರೆ ಮಾತೇ ಬೇಡ. ಮೈಮೇಲೆ ಸಣ್ಣ ಗುಳ್ಳೆ, ಅಂಚಿನ ಸುತ್ತ ಒಂದು ಗೆರೆ ಕಂಡರೆ ಅದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದದ್ದು.

ಇನ್ನು ಬಿಡ್ ಇತಿಹಾಸ. ಹೊಸ ಖಾತೆಯೊಂದು ಅದೇ ವ್ಯಾಪಾರಿಯ ಸರಕಿಗೆ ಮಾತ್ರ ಬೆಲೆ ಏರಿಸುತ್ತಾ ಬಂದು ಕೊನೆಗೆ ಜಾರಿಕೊಂಡರೆ ಅದು ಅವರದೇ ಜನ. ಆಮೇಲೆ ‘ಗೆದ್ದವರು ಬಿಟ್ಟರು, ನಿಮಗೇ ಕೊಡುತ್ತೇನೆ, ನೇರ ಹಣ ಹಾಕಿ’ ಎಂದು ವಾಟ್ಸ್‌ಆ್ಯಪ್ ಬರುತ್ತದೆ. ತಾಣದ ಹೊರಗೆ ಹಣ ಕೊಟ್ಟರೆ ಅದರ ರಕ್ಷಣೆ ಅಲ್ಲಿಗೆ ಮುಗಿಯಿತು.

ಪಾರ್ಸೆಲ್ ಬಿಚ್ಚುವಾಗ ಕತ್ತರಿ ಇಡುವ ಮೊದಲೇ ವಿಡಿಯೊ ಶುರುಮಾಡಿ. ಬಳಿಕ ನೀರಿನ ಪರೀಕ್ಷೆ: 0.01 ಗ್ರಾಂ ತೋರಿಸುವ ಯಂತ್ರದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರ ಕಟ್ಟಿ ಪೂರ್ತಿ ಮುಳುಗಿಸಿ. ತಳ, ಬದಿ ತಾಗಬಾರದು. ಯಂತ್ರ 1.13ರ ಆಸುಪಾಸು ತೋರಿಸಿದರೆ, 11.66ನ್ನು ಅದರಿಂದ ಭಾಗಿಸಿದಾಗ ಸಾಂದ್ರತೆ 10.3, ಅಂದರೆ ಬೆಳ್ಳಿ. ಹಿತ್ತಾಳೆಯಾದರೆ ಸುಮಾರು 1.37 ಬರುತ್ತದೆ. ಈ ಲೆಕ್ಕ 1940ಕ್ಕಿಂತ ಹಿಂದಿನ ನಾಣ್ಯಕ್ಕೆ. ಆಮೇಲಿನದರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಹುಲಿ ಚಿತ್ರದ 1947ರ ರೂಪಾಯಿ ನಿಕ್ಕಲ್, ಅದು ಆಯಸ್ಕಾಂತಕ್ಕೆ ಅಂಟಲೇಬೇಕು.

ರಾಮ ಪಟ್ಟಾಭಿಷೇಕದ ಚಿತ್ರವಿರುವ ‘1818ರ ಈಸ್ಟ್ ಇಂಡಿಯಾ ಕಂಪನಿ’ ಆಣೆ ನಾಣ್ಯಕ್ಕೆ ಪರೀಕ್ಷೆಯೇ ಬೇಡ. ಕಂಪನಿ ಅಂಥದನ್ನು ಟಂಕಿಸಿಯೇ ಇಲ್ಲ.

ಮಾರುವವರಿಗೂ ಬಲೆ ಇದೆ. ಚಲಾವಣೆಯಲ್ಲಿರುವ ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ ಮೊದಲು ‘ತೆರಿಗೆ’, ‘ಕಮಿಷನ್’ ಕಟ್ಟಿಸಿಕೊಳ್ಳುತ್ತಾರೆ. ಹೀಗೆ ತನ್ನ ಹೆಸರು, ಲಾಂಛನ ಬಳಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿಸಿದರೆ ಹೋಗುವುದು ನಿಮ್ಮ ಹಣ.

ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಹಿವಾಟನ್ನು ಗುರುತಿಸುವ ಯುಟಿಆರ್ ಸಂಖ್ಯೆ, ಸಮಯ, ಮೊತ್ತ ಎದುರಿಗಿರಲಿ. ಚಾಟ್ ಅಳಿಸಬೇಡಿ.