ಪ್ರೈಮರಿ ಚರ್ಚೆಯ ಅರ್ಹತಾ ನಿಯಮವನ್ನು ಪರಿಶೀಲಿಸುವ ಬಗೆ

ಅಮೆರಿಕದ ಪಕ್ಷಗಳು ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯನ್ನು ಪ್ರೈಮರಿಗಳ, ಅಂದರೆ ರಾಜ್ಯಗಳಲ್ಲಿ ಬೇರೆ ಬೇರೆ ದಿನ ನಡೆಯುವ ಪಕ್ಷದೊಳಗಿನ ಮತದಾನದ ಮೂಲಕ ಆರಿಸುತ್ತವೆ. ಆದರೆ ಅದಕ್ಕೂ ಮೊದಲು ಮತ್ತು ಅದರ ನಡುವೆ ನಡೆಯುವ ಟಿವಿ ಚರ್ಚೆಗಳಲ್ಲಿ ಯಾರು ನಿಲ್ಲಬಹುದು ಎಂಬುದನ್ನು ಮತದಾರರಲ್ಲ, ಪಕ್ಷದ ನಿಯಮವೊಂದು ತೀರ್ಮಾನಿಸುತ್ತದೆ. ಹೈಕಮಾಂಡ್ ಬಿ ಫಾರಂ ಕೊಡುವುದನ್ನೇ ನೋಡುತ್ತ ಬಂದ ನಮಗೆ ಈ ಪದ್ಧತಿ ತೀರಾ ಮುಕ್ತವೆಂದು ತೋರುವುದು ಸಹಜ. ಅಂಥ ನಿಯಮ ಎಷ್ಟು ನ್ಯಾಯವಾದದ್ದು, ಅದರಿಂದ ಯಾರು ಹೊರಗುಳಿಯುತ್ತಾರೆ ಎಂದು ತಿಳಿಯಲು ಡೆಮಾಕ್ರಟಿಕ್ ಪಕ್ಷದ 2019–20ರ ನಿಯಮಗಳನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವುದು ಒಳ್ಳೆಯದು.

ಮೊದಲು ಪ್ರತಿಯೊಂದು ಚರ್ಚೆಯ ದಿನಾಂಕ, ಬೇಕಾದ ಸಮೀಕ್ಷಾ ಬೆಂಬಲ ಮತ್ತು ಪ್ರಚಾರಕ್ಕೆ ಹಣ ಕೊಟ್ಟ ದಾನಿಗಳ ಸಂಖ್ಯೆಯನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುವಾಗ ಅಂಕಿಗಳಿಗಿಂತ ಅವುಗಳ ನಡುವಿನ ಪದವನ್ನು ಗಮನಿಸಿ. 2019ರ ಜೂನ್‌ನ ಮೊದಲ ಚರ್ಚೆಗೆ ಮೂರು ಸಮೀಕ್ಷೆಗಳಲ್ಲಿ ಶೇ. 1ರ ಬೆಂಬಲ ‘ಅಥವಾ’ 65,000 ದಾನಿಗಳು ಸಾಕಾಗಿತ್ತು. ಸೆಪ್ಟೆಂಬರ್ ಚರ್ಚೆಗೆ ನಾಲ್ಕು ಸಮೀಕ್ಷೆಗಳಲ್ಲಿ ಶೇ. 2 ‘ಮತ್ತು’ 1,30,000 ದಾನಿಗಳು ಬೇಕಾದರು. ಡಿಸೆಂಬರ್ ಹೊತ್ತಿಗೆ ಅದು ಶೇ. 4 ಮತ್ತು 2,00,000ಕ್ಕೆ ಏರಿತು (ಮೊದಲು ಮತ ಹಾಕುವ ರಾಜ್ಯಗಳ ಎರಡು ಸಮೀಕ್ಷೆಗಳಲ್ಲಿ ಶೇ. 6 ಪಡೆದರೂ ಸಮೀಕ್ಷೆಯ ಷರತ್ತು ಪೂರೈಸಿದಂತಾಗುತ್ತಿತ್ತು). ನನ್ನ ಎಣಿಕೆಯಲ್ಲಿ ಶೇಕಡಾವಾರು ಏರಿದ್ದಕ್ಕಿಂತ ‘ಅಥವಾ’ ಹೋಗಿ ‘ಮತ್ತು’ ಬಂದದ್ದೇ ದೊಡ್ಡ ಬದಲಾವಣೆ. ಡಿಸೆಂಬರ್ ಚರ್ಚೆಗೆ ಬೇಕಾದಷ್ಟು ದಾನಿಗಳನ್ನು ಒಟ್ಟುಮಾಡಿದ್ದ ಅಭ್ಯರ್ಥಿಗಳಾದ ಕೋರಿ ಬುಕರ್ ಮತ್ತು ಹುಲಿಯನ್ ಕ್ಯಾಸ್ಟ್ರೋ ಇಬ್ಬರೂ ಸಮೀಕ್ಷೆಯ ಷರತ್ತಿನಿಂದಾಗಿಯೇ ಹೊರಗುಳಿದರು.

ಬಳಿಕ ಸಮೀಕ್ಷೆಯ ಲೆಕ್ಕವನ್ನು ಕೈಯಾರೆ ಮಾಡಿ ನೋಡಿ. ಐನೂರು ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ. 4 ಎಂದರೆ ಇಪ್ಪತ್ತು ಜನ, ಶೇ. 3 ಎಂದರೆ ಹದಿನೈದು ಜನ. ವೇದಿಕೆಯ ಮೇಲಿರುವವನಿಗೂ ಮನೆಯಲ್ಲಿ ಕುಳಿತು ಚರ್ಚೆ ನೋಡುವವನಿಗೂ ನಡುವೆ ಇರುವುದು ಐದು ಜನರ ಉತ್ತರ ಮಾತ್ರ. ಈ ಗಾತ್ರದ ಸಮೀಕ್ಷೆಯಲ್ಲಿ ಶೇ. 4ರ ಆಸುಪಾಸಿನ ಅಂಕಿಗೆ ಸುಮಾರು ಒಂದೂಮುಕ್ಕಾಲು ಶೇಕಡಾ ಅಂಶದಷ್ಟು ಏರುಪೇರು ಸಹಜವಾಗಿಯೇ ಇರುವುದರಿಂದ, ಇಂಥ ಗೆರೆಯ ಆಚೀಚೆ ಇರುವವರನ್ನು ಬೇರ್ಪಡಿಸುವುದರಲ್ಲಿ ಅದೃಷ್ಟದ ಪಾಲು ಸಣ್ಣದಲ್ಲ. ಆದ್ದರಿಂದ ಎಷ್ಟು ಸಮೀಕ್ಷೆಗಳು ನಡೆದವು, ಅವುಗಳಲ್ಲಿ ಯಾವುವನ್ನು ಪಕ್ಷ ಮಾನ್ಯ ಮಾಡಿತು, ಗಡುವಿನೊಳಗೆ ಯಾವ ರಾಜ್ಯದಲ್ಲಿ ಒಂದೂ ನಡೆಯಲಿಲ್ಲ ಎಂಬುದನ್ನು ಪಟ್ಟಿ ಮಾಡಲೇಬೇಕು. ಮೊದಲು ಮತ ಹಾಕುವ ರಾಜ್ಯಗಳಲ್ಲಿ ಸಮೀಕ್ಷೆಗಳು ಸಾಲದಿದ್ದುದರಿಂದ ಪಕ್ಷವೇ ಖರ್ಚು ಹಾಕಿ ಅವನ್ನು ಮಾಡಿಸಲಿ ಎಂದು ಅಭ್ಯರ್ಥಿ ಆಂಡ್ರ್ಯೂ ಯಾಂಗ್ ಆ ಡಿಸೆಂಬರ್‌ನಲ್ಲಿ ಕೇಳಿಕೊಂಡರು, ಪಕ್ಷ ಒಪ್ಪಲಿಲ್ಲ.

ದಾನಿಗಳ ಷರತ್ತು ಬಡವರ ಪರ ಎಂದು ಕೇಳಿಬರುತ್ತದೆ, ಏಕೆಂದರೆ ಒಂದು ಡಾಲರ್ ಕೊಟ್ಟವರೂ ಲೆಕ್ಕಕ್ಕೆ ಬರುತ್ತಾರೆ. ಆದರೆ ಆ ಒಂದು ಡಾಲರನ್ನು ತರಿಸಲು ಎಷ್ಟು ಖರ್ಚಾಯಿತು ಎಂದೂ ಕೇಳಿ. 2023ರಲ್ಲಿ ರಿಪಬ್ಲಿಕನ್ ಪಕ್ಷ ತನ್ನ ಮೊದಲ ಚರ್ಚೆಗೆ 40,000 ದಾನಿಗಳನ್ನು ಕಡ್ಡಾಯ ಮಾಡಿದಾಗ, ಸಿರಿವಂತ ಅಭ್ಯರ್ಥಿ ಡಗ್ ಬರ್ಗಮ್ ಒಂದು ಡಾಲರ್ ಕೊಟ್ಟವರಿಗೆ ಇಪ್ಪತ್ತು ಡಾಲರ್‌ನ ಗಿಫ್ಟ್ ಕಾರ್ಡ್ ಕೊಡುವುದಾಗಿ ಪ್ರಕಟಿಸಿ ವೇದಿಕೆ ಹತ್ತಿದರು.

ವೈವಿಧ್ಯವನ್ನು ಅಳೆಯುವಾಗ ಆತುರ ಬೇಡ. ಡಿಸೆಂಬರ್ ಚರ್ಚೆಯಲ್ಲಿದ್ದ ಏಳು ಮಂದಿಯಲ್ಲಿ ಬಿಳಿಯರಲ್ಲದವರು ಯಾಂಗ್ ಒಬ್ಬರೇ; 2020ರ ಜನವರಿ 14ರಂದು ಅಯೋವಾದಲ್ಲಿ ನಿಂತ ಆರೂ ಮಂದಿ ಬಿಳಿಯರು. ಇದಿಷ್ಟನ್ನೇ ಹಿಡಿದು ಎಲ್ಲವನ್ನೂ ನಿಯಮದ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ, ಏಕೆಂದರೆ ಡಿಸೆಂಬರ್ ಚರ್ಚೆಗೆ ಅರ್ಹತೆ ಪಡೆದಿದ್ದ, ಬಿಳಿಯರಲ್ಲದ ಕಮಲಾ ಹ್ಯಾರಿಸ್ ಹಣ ಸಾಲದೆಂದು ತಾವಾಗಿ ಹಿಂದೆ ಸರಿದಿದ್ದರು. ಹೀಗಾಗಿ ನಿಯಮದಿಂದ ಹೊರಬಿದ್ದವರನ್ನೂ ಬೇರೆ ಕಾರಣಕ್ಕೆ ಬಿಟ್ಟವರನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಹಾಗೆ ಬರೆದಾಗಲೂ ಕಪ್ಪು ಜನಾಂಗದ ಬುಕರ್ ಮತ್ತು ಲ್ಯಾಟಿನೊ ಮೂಲದ ಕ್ಯಾಸ್ಟ್ರೋ ಮೊದಲ ಕಾಲಂನಲ್ಲೇ ಉಳಿಯುತ್ತಾರೆ. ಎರಡು ಷರತ್ತುಗಳಲ್ಲಿ ಒಂದನ್ನು ಪೂರೈಸಿದರೆ ಸಾಕೆಂದು ಮಾಡಿ ಎಂದು ಬುಕರ್ ಮುಂದಾಳತ್ವದಲ್ಲಿ ಒಂಬತ್ತು ಅಭ್ಯರ್ಥಿಗಳು ಪಕ್ಷಕ್ಕೆ ಪತ್ರ ಬರೆದಾಗ, ಯಾವ ಒಬ್ಬ ಅಭ್ಯರ್ಥಿಗಾಗಿಯೂ ಷರತ್ತು ಬದಲಿಸುವುದಿಲ್ಲ ಎಂಬ ಉತ್ತರ ಬಂತು.

ಆ ಉತ್ತರದ ಪಕ್ಕದಲ್ಲೇ ಮುಂದಿನ ದಿನಾಂಕವನ್ನು ಬರೆದಿಡಿ. 2020ರ ಜನವರಿ 31ರಂದು ಪಕ್ಷ ದಾನಿಗಳ ಷರತ್ತನ್ನೇ ಕೈಬಿಟ್ಟಿತು. ಸ್ವಂತ ಹಣದಿಂದ ಪ್ರಚಾರ ನಡೆಸುತ್ತ ದಾನವನ್ನೇ ಪಡೆಯದಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಫೆಬ್ರವರಿ 19ರಂದು ಲಾಸ್ ವೇಗಸ್‌ನ ವೇದಿಕೆಯಲ್ಲಿದ್ದರು. ಅಷ್ಟರಲ್ಲಿ ಬುಕರ್ ಮತ್ತು ಕ್ಯಾಸ್ಟ್ರೋ ಇಬ್ಬರೂ ಕಣದಿಂದ ಹೊರನಡೆದಾಗಿತ್ತು.

ಹಾಳೆ ತುಂಬಿದ ಮೇಲೆ, ಅಮೆರಿಕದಲ್ಲಿ ಮತದಾನದ ಹಕ್ಕಿರುವ ಕನ್ನಡಿಗರು ಅದನ್ನು ತಮ್ಮ ರಾಜ್ಯದ ಪಕ್ಷಾಧ್ಯಕ್ಷರಿಗೆ ಕಳುಹಿಸಬಹುದು, ಏಕೆಂದರೆ ಅವರು ಈ ನಿಯಮಗಳನ್ನು ಮಾಡುವ ಪಕ್ಷದ ರಾಷ್ಟ್ರೀಯ ಸಮಿತಿಯ ಸದಸ್ಯರೂ ಆಗಿರುತ್ತಾರೆ. ಪತ್ರದಲ್ಲಿ ಎರಡೇ ಪ್ರಶ್ನೆಗಳಿರಲಿ: ಕೊನೆಯ ಚರ್ಚೆಯವರೆಗಿನ ಎಲ್ಲ ಷರತ್ತುಗಳನ್ನೂ ಮೊದಲ ಚರ್ಚೆಗೆ ಮುನ್ನವೇ ಪ್ರಕಟಿಸುತ್ತೀರಾ, ಮತ್ತು ಸಮೀಕ್ಷೆ ನಡೆಯದ ರಾಜ್ಯದಲ್ಲಿ ಅದರ ಖರ್ಚನ್ನು ಯಾರು ಹೊರುತ್ತಾರೆ?