ಚೀಟಿ ಬಿತ್ತು ಅಂತ ಮುಖ ಸಪ್ಪೆ ಮಾಡ್ಕೋಬೇಡಿ: ಬದಲಿ ನಟರ ಆಟ ನೋಡೋದು ಹೇಗೆ

ನ್ಯೂಯಾರ್ಕಿನ ನಾಟಕಗಳ ಬೀಡಾದ ಬ್ರಾಡ್‌ವೇಯ ಥಿಯೇಟರಿನಲ್ಲಿ ಕೂತು ಕಾರ್ಯಕ್ರಮದ ಪುಸ್ತಿಕೆ ಬಿಡಿಸುತ್ತೀರಿ, ಒಳಗಿಂದ ಒಂದು ಸಣ್ಣ ಚೀಟಿ ಜಾರಿ ತೊಡೆ ಮೇಲೆ ಬೀಳುತ್ತದೆ. ಇವತ್ತಿನ ಆಟದಲ್ಲಿ ಇಂಥ ಪಾತ್ರಕ್ಕೆ ಇಂಥವರು ಅಂತ ಅದರಲ್ಲಿ ಬರೆದಿರುತ್ತದೆ. ಯಾರನ್ನು ನೋಡೋಕೆ ಅಂತ ದುಡ್ಡು ಕೊಟ್ಟಿರೋ ಅವರಿಲ್ಲ. ಪಕ್ಕದ ಸೀಟಿನಿಂದ ‘ಅಯ್ಯೋ’ ಅಂತ ಕೇಳುತ್ತದೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದವನು. ಈಗ ಚೀಟಿ ಬಿದ್ದರೆ ಕುತೂಹಲವೇ ಜಾಸ್ತಿ.

ಮೊದಲು ಯಾರು ಏನು ಅಂತ ತಿಳ್ಕೊಳ್ಳಿ. ಅಂಡರ್‌ಸ್ಟಡಿ ಸಾಮಾನ್ಯವಾಗಿ ದಿನಾ ಗುಂಪಿನಲ್ಲೋ ಸಣ್ಣ ಪಾತ್ರದಲ್ಲೋ ಇರುತ್ತಾರೆ, ಜೊತೆಗೆ ಒಂದೆರಡು ದೊಡ್ಡ ಪಾತ್ರ ಕಲಿತಿಟ್ಟುಕೊಂಡಿರುತ್ತಾರೆ. ಸ್ಟ್ಯಾಂಡ್‌ಬೈಗೆ ದಿನಾ ಕೆಲಸವಿಲ್ಲ, ಕರೆದಾಗ ಮಾತ್ರ ವೇದಿಕೆ. ವಾರಕ್ಕೆ 8 ಆಟ ಒಬ್ಬರ ಗಂಟಲಿಗೆ ಭಾರ ಅನ್ನುವಂಥ ಪಾತ್ರವಿದ್ದರೆ, ಒಂದೆರಡು ಆಟವನ್ನು ಮೊದಲೇ ಗೊತ್ತುಮಾಡಿ ಆಲ್ಟರ್ನೇಟ್‌ಗೆ ಕೊಟ್ಟಿರುತ್ತಾರೆ.

ಸ್ವಿಂಗ್ ಬೇರೆಯೇ ಜಾತಿ. ಇವರಿಗೆ ತಮ್ಮದು ಅಂತ ದಿನದ ಪಾತ್ರವೇ ಇಲ್ಲ. ಹಾಡಿ ಕುಣಿಯುವ ಗುಂಪಿನಲ್ಲಿ ಯಾರು ಬರದಿದ್ದರೂ ಆ ಜಾಗಕ್ಕೆ ಇವರು. ಒಬ್ಬ ನಟ ಎಲ್ಲಿಂದ ಬರಬೇಕು, ಯಾವ ಕುರ್ಚಿ ಎತ್ತಬೇಕು, ಯಾರ ಕೈ ಹಿಡಿಯಬೇಕು, ಎಲ್ಲಿ ಓಡಿಹೋಗಿ ಬಟ್ಟೆ ಬದಲಿಸಬೇಕು ಅನ್ನೋ ಇಡೀ ಸಂಜೆಯ ಲೆಕ್ಕಕ್ಕೆ ‘ಟ್ರ್ಯಾಕ್’ ಅಂತಾರೆ. ಸ್ವಿಂಗ್ ತಲೆಯಲ್ಲಿ ಇಂಥ ಏಳೆಂಟು ಟ್ರ್ಯಾಕ್ ಇರೋದು ಮಾಮೂಲಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಬಾಲ್ಕನಿಯಲ್ಲಿ ಕೂತು ವೇದಿಕೆಯ ಮುಂದಿನ ಅಂಚನ್ನು ನೋಡಿ. ಎಷ್ಟೋ ಸಂಗೀತ ನಾಟಕಗಳಲ್ಲಿ ಅಲ್ಲಿ ಅಂಕಿಗಳಿರುತ್ತವೆ, ನಡುವೆ 0, ಎರಡೂ ಕಡೆಗೆ ಏರುತ್ತಾ ಹೋಗುತ್ತವೆ. ಒಂದೇ ಕುಣಿತ, ಆದರೆ ಒಬ್ಬರು ಬಲಗಡೆ 4ರಲ್ಲಿ, ಇನ್ನೊಬ್ಬರು ಎಡಗಡೆ 8ರಲ್ಲಿ, ಅದೂ ಕೆಲವು ಕಡೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ನಿನ್ನೆ ಎಡಕ್ಕೆ ತಿರುಗಿದ ಸ್ವಿಂಗ್ ಇವತ್ತು ಅದೇ ತಾಳಕ್ಕೆ ಬಲಕ್ಕೆ ತಿರುಗಬೇಕು. ತಪ್ಪಿದರೆ ಪಕ್ಕದವರ ಮೊಣಕೈ ಮೂಗಿಗೆ.

ಒಂದೇ ದಿನ ಇಬ್ಬರು ರಜಾ ಹಾಕಿ ಸ್ವಿಂಗ್ ಒಬ್ಬರೇ ಉಳಿದರೆ? ಆಗ ಎರಡು ಟ್ರ್ಯಾಕನ್ನು ಕತ್ತರಿಸಿ ಒಂದಾಗಿ ಹೊಲಿಯುತ್ತಾರೆ. ಮೇಜು ತರೋರು ಬರಲೇಬೇಕು, ಇಲ್ಲದಿದ್ದರೆ ಮುಂದಿನ ದೃಶ್ಯವೇ ಇಲ್ಲ. ಜೋಡಿಯನ್ನು ಎತ್ತೋರೂ ಬೇಕು. ಹಿಂದೆ ನಿಂತು ಸುಮ್ನೆ ನಗೋರು ಇಲ್ಲದಿದ್ದರೂ ನಡೆಯುತ್ತದೆ. ಈ ಲೆಕ್ಕಾಚಾರ ಎಷ್ಟೋ ಸಲ ಪರದೆ ಏಳೋ ಮುಂಚಿನ ಒಂದೆರಡು ಗಂಟೆಯಲ್ಲಿ ಮುಗಿಯಬೇಕು. ನಿಮಗೆ ಏನೂ ಗೊತ್ತಾಗಲಿಲ್ಲ ಅಂದರೆ ಅವರು ಗೆದ್ದರು ಅಂತ.

ಅಂಡರ್‌ಸ್ಟಡಿ ನೋಡುವಾಗ ಅವರನ್ನೊಬ್ಬರನ್ನೇ ನೋಡಬೇಡಿ, ಎದುರಿಗಿರೋರನ್ನೂ ನೋಡಿ. ಬದಲಿಯವರ ತಾಲೀಮು ಹೆಚ್ಚಾಗಿ ಬದಲಿಯವರ ಜೊತೆಗೇ ನಡೆಯೋದು. ಹಾಗಾಗಿ ನಿಜವಾದ ನಾಯಕನ ಎದುರು, ಪೂರ್ತಿ ವೇಷದಲ್ಲಿ, ಪೂರ್ತಿ ಬೆಳಕಿನಲ್ಲಿ ಅವರು ಮೊದಲ ಸಲ ನಿಂತಿರೋದು ಇವತ್ತೇ ಇರಬಹುದು. ಎದುರಿನವರ ಕಿವಿ ಚುರುಕಾಗಿರುತ್ತದೆ, ನೂರು ಸಲ ಹೇಳಿದ ಮಾತಿಗೂ ಹೊಸದಾಗಿ ಉತ್ತರ ಕೊಡುತ್ತಾರೆ. ನಿಲ್ಲೋ ಜಾಗ ಬದಲಾಗೋ ಹಾಗಿಲ್ಲ, ಆದರೆ ಮಾತಿನ ಒತ್ತು ಎಲ್ಲಿ ಬೀಳುತ್ತದೆ ಅನ್ನೋದು ಬದಲಾಗಬಹುದು. ಆ ನಾಟಕ ಮೊದಲೇ ನೋಡಿದ್ದರಂತೂ ಇದು ಹಬ್ಬ.

1954ರಲ್ಲಿ ‘ದಿ ಪಜಾಮಾ ಗೇಮ್’ ನಡೆಯುವಾಗ ಕ್ಯಾರಲ್ ಹೇನಿ ಕಾಲಿಗೆ ಪೆಟ್ಟಾಗಿ ಶರ್ಲಿ ಮ್ಯಾಕ್ಲೇನ್ ಬದಲಿಗೆ ಬಂದರು, ನಿರ್ಮಾಪಕ ಹಾಲ್ ವಾಲಿಸ್ ಕಣ್ಣಿಗೆ ಬಿದ್ದು ಸಿನಿಮಾಕ್ಕೆ ಹೋದರು. ಎಲ್ಲರೂ ಈ ಕಥೆಯನ್ನೇ ಹೇಳುತ್ತಾರೆ. ನನಗೆ ಅಷ್ಟು ಇಷ್ಟವಿಲ್ಲ, ಯಾಕಂದರೆ ಬದಲಿಯವರೆಲ್ಲ ಯಾರದೋ ಕಾಲು ಉಳುಕಲಿ ಅಂತ ಕಾಯ್ತಾ ಕೂತವರ ಥರ ಕಾಣುತ್ತಾರೆ. ನನಗೆ ಹಿಡಿಸೋದು 2021ರ ಡಿಸೆಂಬರಿನದು. ಕೋವಿಡ್ ಸಮಯ, ‘ದಿ ಮ್ಯೂಸಿಕ್ ಮ್ಯಾನ್’ನಲ್ಲಿ ಸಟನ್ ಫಾಸ್ಟರ್ ಬರಲಿಲ್ಲ, ಸ್ವಿಂಗ್ ಕ್ಯಾಥಿ ವಾಯ್ಟ್‌ಕೋ ನಾಯಕಿಯಾದರು. ಕೊನೆಯಲ್ಲಿ ನಾಯಕನ ಪಾತ್ರದ ಹ್ಯೂ ಜಾಕ್‌ಮನ್ ಚಪ್ಪಾಳೆ ನಿಲ್ಲಿಸಿ ಪ್ರೇಕ್ಷಕರಿಗೆ ವಿಷಯ ಹೇಳಿದರು: ಆಕೆ 8 ಪಾತ್ರಗಳಲ್ಲಿ ಯಾವುದನ್ನು ಬೇಕಾದರೂ ಮಾಡಬಲ್ಲವರು, ಸುದ್ದಿ ಸಿಕ್ಕಿದ್ದು ಮಧ್ಯಾಹ್ನ 12ಕ್ಕೆ, ಆ ಪಾತ್ರದ ಮೊದಲ ತಾಲೀಮು 1ಕ್ಕೆ.

ಆಟ ಮುಗಿದ ಮೇಲೆ ನಟರು ಹೊರಬರೋ ಹಿಂಬಾಗಿಲ ಹತ್ತಿರ ನಿಲ್ಲೋ ಅಭ್ಯಾಸ ಇದೆಯಾ? ‘ದಿನಾ ಮಾಡೋರು ಯಾಕೆ ಬರಲಿಲ್ಲ’ ಅಂತ ಕೇಳಬೇಡಿ. ‘ಅವರಿಗಿಂತ ನೀವೇ ವಾಸಿ’ ಅನ್ನೋದೂ ಬೇಡ, ನಾಳೆ ಅವರಿಬ್ಬರೂ ಒಂದೇ ವೇದಿಕೆಯಲ್ಲಿ ಕೆಲಸ ಮಾಡಬೇಕಲ್ವಾ. ಚೀಟಿಯಲ್ಲಿರೋ ಹೆಸರನ್ನು ಸರಿಯಾಗಿ ಓದ್ಕೊಂಡು ಹೋಗಿ, ನಿಮಗೆ ಹಿಡಿಸಿದ ಒಂದು ಕ್ಷಣ ಯಾವುದು ಅಂತ ಹೇಳಿ. ಸಹಿ ಬೇಕಿದ್ದರೆ ಆ ಚೀಟಿ ಮೇಲೇ ಹಾಕಿಸ್ಕೊಳ್ಳಿ. ಪೆನ್ನು ಮಾತ್ರ ನೀವೇ ತಗೊಂಡು ಹೋಗಿ.